ಬಾಲವಿಲ್ಲದ ಪ್ರಾಣಿಗಳ ಹುಡುಕಾಟ

ಕಳೆದ ಭಾನುವಾರ ಬೆಳಿಗ್ಗೆ ನಾನು ಸದರ್ನ್ ಅವೆನ್ಯೂವಿನ ಒಂದು ಮರ್ಯಾದಸ್ಥ ಬಂಗಾಳಿ ಮನೆಯ ಕೆಂಪು ನೆಲದ ಮೇಲೆ ಮೂರು ಕಾಲಿನಲ್ಲಿ ನಿಂತಿದ್ದೆ. ನಾಲ್ಕನೆಯ ಕಾಲು, ಅಂದರೆ ಬಲಗೈ, ಸುರುಳಿ ಸುತ್ತಿದ ಇಂಗ್ಲಿಷ್ ಪೇಪರನ್ನು ಬೆನ್ನ ಹಿಂದೆ ಹಿಡಿದು ಅಲ್ಲಾಡಿಸುತ್ತಿತ್ತು. ಬಾಯಿ, ಆ ಮನೆಯ ಎಪ್ಪತ್ತು ದಾಟಿದ ಯಜಮಾನಿಯ ಮುಖಕ್ಕೇ, ಕೋಲ್ಕತ್ತದ ಬೀದಿಯ ಒಂದು ಹೊಲಸು ಬೈಗುಳವನ್ನು ಮತ್ತೆ ಮತ್ತೆ ಕೂಗುತ್ತಿತ್ತು.

ಕುಡಿದಿರಲಿಲ್ಲ. (ಭಾನುವಾರ ಬೆಳಿಗ್ಗೆ ಎದ್ದಿರುವುದೇ ನನ್ನ ಮಟ್ಟಿಗೆ ಸಾಹಸ.) ಇಬ್ಬರು ಅಮ್ಮಂದಿರ ಗೆಳೆತನ ಉಳಿಸುತ್ತಿದ್ದೆ.

ಈ ಅಂಕಣವನ್ನು ತಪ್ಪದೆ ಓದುವ ನಿಮಗೆ (ಅರ್ಧ ಜನ ನನ್ನ ನೆಂಟರೇ ಎಂಬುದು ನನಗೂ ಗೊತ್ತು) ನನ್ನ ಸ್ಥಿತಿ ತಿಳಿದೇ ಇದೆ. ನಾನು ಅಕ್ಕನ ಮನೆಯಲ್ಲಿ ಬಾಡಿಗೆ ಕೊಡದ ಬಾಡಿಗೆದಾರ. ವಾರವೆಲ್ಲ ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತು, ಯಾವತ್ತೂ ನೋಡದ ಅಮೆರಿಕನ್ನರ ಇನ್ಶೂರೆನ್ಸ್ ಕಾಪಾಡುತ್ತೇನೆ. ಮನೆಯಲ್ಲಿ ವಸಂತ, ಆಫೀಸಿನಲ್ಲಿ ಬೊಶೊಂತೊ. ಬಂಗಾಳಿಗಳ ಬಾಯಲ್ಲಿ ವ ಎಲ್ಲ ಬ, ಅ ಎಲ್ಲ ಒ. ಸಾಲದ್ದಕ್ಕೆ ಆ ಪದಕ್ಕೆ ಇಲ್ಲಿ ಸಿಡುಬು ಅಂತಲೂ ಅರ್ಥ. 'ಬೊಶೊಂತೊ ಬಂತು, ದೂರ ಕೂತ್ಕೊಳ್ಳಿ' ಅಂತ ನಮ್ಮ ಟೀಮ್ ಲೀಡರ್ ದಿನಾ ಅದೇ ಜೋಕು ಹೊಡೆಯುತ್ತಾನೆ. ಅವನು ಊಟಕ್ಕೆ ಹೋದಾಗ ಅವನ ದನಿಯಲ್ಲಿ ಅದೇ ಜೋಕನ್ನು ನಾನು ಹೊಡೆಯುತ್ತೇನೆ. ನನ್ನದಕ್ಕೆ ಹೆಚ್ಚು ನಗು.

ಭಾನುವಾರ ಮಾತ್ರ ನಾನು ಕೂಲಿ. ಅಕ್ಕ ಸುಮಾ, ಅವಳ ನಾಲ್ಕು ವರ್ಷದ ಮಗಳು ವನ್ಯಾ ಮುಂದೆ. ನೀರಿನ ಬಾಟಲಿ, ಟೋಪಿ, ಬಿಸ್ಕತ್ತು, ಒಂದು ಜೊತೆ ಹೆಚ್ಚಿನ ಚಡ್ಡಿ ಹೊತ್ತ ನಾನು ಹಿಂದೆ. ಸವಾರಿ ಹೋಗುವುದು ಸರೋವರಕ್ಕೆ. ಇಲ್ಲಿ ಎಲ್ಲರೂ ಅದನ್ನು ಬರೀ 'ಲೇಕ್' ಅನ್ನುತ್ತಾರೆ. (ಭಾವ ಬರುವುದಿಲ್ಲ. ರೈಲ್ವೆ ಅಧಿಕಾರಿ. ವಾರವೆಲ್ಲ ಹೌರಾಕ್ಕೆ ಹೋಗಿಬರುವವರು ಭಾನುವಾರ ಹಾಸಿಗೆಯಿಂದ ಸೋಫಾಕ್ಕೆ ಮಾತ್ರ ಪ್ರಯಾಣ ಬೆಳೆಸುತ್ತಾರೆ, ಅದೂ ಲೇಟಾಗಿ.)

ಅಕ್ಕ ಲೇಕಿಗೆ ಹೋಗುವುದು ಗಾಳಿಗಲ್ಲ, ಕನ್ನಡಕ್ಕೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಇಂಗ್ಲಿಷು. ಮನೆಯಲ್ಲಿ ಪಾಠ ಅಂದರೆ ಓಡುತ್ತಾಳೆ. ಹಾಗಾಗಿ ಮರ, ಹಕ್ಕಿ, ಹುಳ ತೋರಿಸುತ್ತ ಭಾಷೆಯನ್ನು ಕದ್ದು ತಿನ್ನಿಸುವ ಯೋಜನೆ. 'ಅಳಿಲು ನೋಡು ಪುಟ್ಟಿ. ಅಳಿಲಿಗೆ ಏನಿದೆ? ಬಾಲ ಇದೆ. ಎಷ್ಟುದ್ದ ಬಾಲ? ಹೇಳು, ಬಾಲ.'

ಪುಟ್ಟಿ ಹೇಳುತ್ತಾಳೆ: 'ಸೋ ಫ್ಲಫಿ ಅಮ್ಮಾ.'

ಹೋದ ವರ್ಷ ದುರ್ಗಾಪೂಜೆಯ ರಜೆ ಮುಗಿದ ಮೇಲಿನ ಒಂದು ಭಾನುವಾರ. ಅಕ್ಕ ದಡದಲ್ಲಿ ಕೂತು ನೀರಿಗೆ ಮಂಡಕ್ಕಿ ಎಸೆಯುತ್ತ, 'ಮೀನೂ, ಬಾ ಬಾ. ಮೀನೂ' ಅಂತ ರಾಗವಾಗಿ ಕರೆಯುತ್ತಿದ್ದಳು. ಪಕ್ಕದ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಕೈಯಲ್ಲಿ ವನ್ಯಾಳಷ್ಟೇ ವಯಸ್ಸಿನ ಹುಡುಗ.

'ಕರೆದ್ರಾ?' ಅಂತ ಬಂಗಾಳಿಯಲ್ಲಿ ಕೇಳಿದಳು. ಅವಳ ಮನೆಯ ಹೆಸರು ಮಿನು. ಬಂಗಾಳಿಗಳಿಗೆ ಶಾಲೆಯ ಹೆಸರು ಒಂದು, ಮನೆಯವರು ಕರೆಯುವುದು ಇನ್ನೊಂದು. ಅಪರಿಚಿತರ ಬಾಯಲ್ಲಿ ಎರಡನೆಯದು ಬಂದರೆ ಗಾಬರಿಯಾಗದೆ ಇರುತ್ತದೆಯೇ?

ಅಕ್ಕ ತನಗೆ ಗೊತ್ತಿದ್ದ ಹಿಂದಿಯನ್ನೆಲ್ಲ ಗುಡಿಸಿ ಒಟ್ಟು ಮಾಡಿದಳು. 'ನಹೀ ನಹೀ. ಮೀನು ಮತ್ಲಬ್ ಮಛಲಿ. ಹಮಾರಾ ಕನ್ನಡ ಮೇ.'

'ಹಮ್ ಮಛಲಿ ಹೈ?' ಅಂತ ಮಿನು ನಕ್ಕವಳು ನಗುತ್ತಲೇ ಪಕ್ಕದಲ್ಲಿ ಕೂತಳು. ಬಂಗಾಳಿಯನ್ನು ಮೀನು ಅಂದರೆ ಬೇಜಾರೇ? ಅದೊಂದು ಬಿರುದು.

ಅಲ್ಲಿಂದ ಪ್ರತಿ ಭಾನುವಾರ ಇಬ್ಬರೂ ಒಟ್ಟಿಗೆ. ಮಾತು ಹಿಂದಿಯಲ್ಲಿ. ಅಕ್ಕನ ಹಿಂದಿಯಲ್ಲಿ ಹೆಂಗಸರೇ ಇಲ್ಲ, ಎಲ್ಲರೂ 'ಆತಾ ಹೈ, ಜಾತಾ ಹೈ.' ಮಿನುವಿನದರಲ್ಲೂ ಇಲ್ಲ. ಇಬ್ಬರು ಗಟ್ಟಿಮುಟ್ಟಾದ ಗಂಡಸರು ಹೆರಿಗೆ ವಾರ್ಡಿನ ಅನುಭವ ಹಂಚಿಕೊಂಡಂತೆ ಕೇಳಿಸುತ್ತಿತ್ತು. (ಈ ಸಂಭಾಷಣೆಯನ್ನು ನಾನು ಮನೆಯಲ್ಲಿ ಎರಡೂ ದನಿಯಲ್ಲಿ ಮಾಡಿ ತೋರಿಸುತ್ತೇನೆ. ಭಾವ ಸೋಫಾದಿಂದ ಏಳುವುದು ಅದೊಂದಕ್ಕೇ.)

ನೀವು ನಗಬಹುದು. ಆದರೆ ಅಕ್ಕ ಈ ಊರಿಗೆ ಬಂದು ಎರಡು ವರ್ಷ ಅವಳ ಜೊತೆ ಮಾತಾಡಿದ್ದು ತರಕಾರಿಯವನು, ಇಸ್ತ್ರಿಯವನು, ಫೋನಿನಲ್ಲಿ ನಮ್ಮಮ್ಮ. ಮಿನು ಸಿಕ್ಕಿದ ಮೇಲೆ ಅವಳಿಗೆ ಶನಿವಾರ ಸಂಜೆಯಿಂದಲೇ ಮುಖ ಬೆಳಗುತ್ತಿತ್ತು. ಒಬ್ಬಳ ಕೋಡುಬಳೆ, ಇನ್ನೊಬ್ಬಳ ಸಂದೇಶ್ ಮಿಠಾಯಿ. ಯಾರ ಮಗು ಊಟ ಮಾಡುವುದಿಲ್ಲ, ಯಾರ ಗಂಡ ಟವೆಲ್ ಒಣಹಾಕುವುದಿಲ್ಲ. ಗಂಡಸರು ಇದಕ್ಕೆ ನೆಟ್‌ವರ್ಕಿಂಗ್ ಅಂತ ಹೆಸರಿಟ್ಟು ವಿಸಿಟಿಂಗ್ ಕಾರ್ಡ್ ಬದಲಾಯಿಸಿಕೊಳ್ಳುತ್ತಾರೆ. ಆಮೇಲೆ ಆ ಕಾರ್ಡಿನಲ್ಲಿ ಹಲ್ಲು ಚುಚ್ಚಿಕೊಳ್ಳುತ್ತಾರೆ.

ಅಕ್ಕನ ಕನ್ನಡ ಶಾಲೆಗೂ ಕೊನೆಗೊಬ್ಬ ವಿದ್ಯಾರ್ಥಿ ಸಿಕ್ಕಿದ. ವನ್ಯಾ ಅಲ್ಲ, ಮಿನುವಿನ ಮಗ ಬುಬಾಯ್. ಅಕ್ಕ 'ಅಳಿಲು' ಅಂದರೆ ಅವನೂ 'ಓಳಿಲು.' ಅಕ್ಕ 'ಬಾಲ' ಅಂದರೆ ಅವನೂ ಬೆರಳು ತೋರಿಸಿ, ಅವಳಿಗಿಂತ ಗಟ್ಟಿಯಾಗಿ, ಸ್ಪಷ್ಟವಾಗಿ. ಅಕ್ಕನ ಕಣ್ಣಲ್ಲಿ ನೀರೊಂದು ಬರುವುದು ಬಾಕಿ. 'ನೋಡೋ, ಮೈಸೂರಲ್ಲಿ ಹುಟ್ಟಿದ ಮಗು ಥರ ಹೇಳುತ್ತೆ.'

ಒಂದೇ ಬೇಜಾರು. ಮಿನುವಿಗೆ ಅಳಿಲು, ನಾಯಿ, ಬೆಕ್ಕು ಯಾವುದೂ ಇಷ್ಟವಿಲ್ಲ. ಅಕ್ಕ ಅಳಿಲಿನ ಕಡೆ ತಿರುಗಿದರೆ ಸಾಕು, ಅವಳು ಮಕ್ಕಳಿಬ್ಬರ ಕೈ ಹಿಡಿದು ಪೊದೆಯ ಕಡೆ ಎಳೆಯುತ್ತಾಳೆ. ಅಲ್ಲಿ ಬಸವನಹುಳು. ಆಚೆ ಜೇಡ. ಇರುವೆಯ ಸಾಲು. ಚಿಟ್ಟೆ. ಎಲ್ಲಕ್ಕಿಂತ ಹೆಚ್ಚಾಗಿ ಕಪ್ಪೆ. ಕಪ್ಪೆ ಸಿಕ್ಕಿದರೆ ಅವಳ ಮುಖದಲ್ಲಿ ಏನೋ ಒಂದು ನೆಮ್ಮದಿ. 'ದಿದಿ, ಬ್ಯಾಂಗ್ ದೇಖೋ, ಬ್ಯಾಂಗ್' ಅಂತ ಕಪ್ಪೆಯ ಮುಂದೆ ಗಂಟೆಗಟ್ಟಲೆ ಕೂರಿಸುತ್ತಿದ್ದಳು. ನಾನು ಅವಳಿಗೆ ಕಪ್ಪೆ ಆಂಟಿ ಅಂತ ಹೆಸರಿಟ್ಟೆ.

ಮಾರ್ಚಿನಲ್ಲಿ ಮಳೆ ಬಿದ್ದು, ಅವಳು ಇದೇ ಸಂಭ್ರಮದಲ್ಲಿ ಕರೆದುಕೊಂಡು ಹೋದ ಹೊಂಡದಲ್ಲಿ ಕಪ್ಪೆಯ ಬದಲು ಗೊದಮೊಟ್ಟೆಗಳಿದ್ದವು. ಅಕ್ಕ ಕುಣಿದುಬಿಟ್ಟಳು. 'ನೋಡಿ ಮಕ್ಕಳಾ, ಇದರ ಮೈ ತುಂಬಾ ಬಾಲ. ಬರೀ ಬಾಲ. ಇಲ್ಲೊಂದು ಬಾಲ, ಅಲ್ಲೊಂದು ಬಾಲ.' ಮಿನು ಹೊಂಡದ ಪಕ್ಕದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಳು. ಬಿಸಿಲು ಹೊಡೆದಿರಬೇಕು ಅಂತ ನಾನು ನೀರಿನ ಬಾಟಲಿ ಕೊಟ್ಟೆ. ಆಚೆ ಕೈ ತಟ್ಟಿ ನಗುತ್ತಿದ್ದ ಲಾಫಿಂಗ್ ಕ್ಲಬ್ಬಿನ ಮುದುಕರು ನಗು ನಿಲ್ಲಿಸಿ ಅಕ್ಕನನ್ನೇ ನೋಡುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡು, 'ಕನ್ನಡ ಕೇಳೋಕೆ ಎಷ್ಟು ಚೆಂದ ಅಂತ ಇವ್ರಿಗೂ ಅನ್ನಿಸ್ತಿರಬೇಕು' ಅಂದಳು.

ಏಪ್ರಿಲ್ ಮಧ್ಯದಲ್ಲಿ ಬಂಗಾಳಿಗಳ ಹೊಸವರ್ಷ ಬಂತು. ಅದರ ನಂತರದ ಭಾನುವಾರ ಮಿನು ಬರಲಿಲ್ಲ.

ಅಕ್ಕ ಎಸ್ಸೆಮ್ಮೆಸ್ ಕಳಿಸಿದಳು. 'ಬುಬಾಯ್‌ಗೆ ನೆಗಡಿ' ಅಂತ ಉತ್ತರ. ಮುಂದಿನ ಭಾನುವಾರವೂ ಇಲ್ಲ. ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಬರಲಿಲ್ಲ. ಪೂರ್ತಿ ಕಾಲ್ ಮಾಡಿದರೆ ಎತ್ತಲಿಲ್ಲ. ಅಕ್ಕ ಬೆಂಚಿನ ಮೇಲೆ ಕೂತು, ಬರುವ ಪ್ರತಿಯೊಂದು ಹಳದಿ ಸೀರೆಯ ಕಡೆ ಕತ್ತು ಉದ್ದ ಮಾಡುತ್ತಿದ್ದಳು. ಅಳಿಲು ಕಾಲ ಬಳಿ ಬಂದರೂ ಮಗಳಿಗೆ ತೋರಿಸಲಿಲ್ಲ.

ಮನೆಯಲ್ಲಿ ತನಿಖೆ ಶುರುವಾಯಿತು.

'ನಾನು ಕೊಟ್ಟ ಚಟ್ನಿಪುಡಿ ಖಾರ ಆಗಿ ಮಗೂಗೆ ಹೊಟ್ಟೆ ಕೆಟ್ಟಿರಬೇಕು' ಅಂದಳು ಅಕ್ಕ.

'ಅವ್ಳ ಮನೆ ಮೀನನ್ನ ಬೇಡ ಅಂದಿದ್ಯಲ್ಲ, ಅದಿರಬೇಕು' ಅಂದರು ಭಾವ, ಪೇಪರ್ ಕೆಳಗಿಳಿಸದೆ.

'ಅದು ನವೆಂಬರಲ್ಲಿ ರೀ.'

'ಬಂಗಾಳಿಗಳು ಮೀನಿನ ವಿಷಯ ಮರೆಯಲ್ಲ ಕಣೆ.'

'ಇಲ್ಲ ರೀ. ನಾನೇ ಏನೋ ಅಂದಿದೀನಿ. ಆ ದರಿದ್ರ ಹಿಂದೀಲಿ ಏನೋ ಅನ್ನಕ್ಕೆ ಹೋಗಿ ಏನೋ ಅಂದಿದೀನಿ. ಏನಂದೆ ಅಂತ ಗೊತ್ತಾದ್ರೆ ಕಾಲಾದ್ರೂ ಹಿಡೀತಿದ್ದೆ.' ನಾನು ಮಿಮಿಕ್ರಿ ಮಾಡಲು ತೆರೆದ ಬಾಯನ್ನು ಮುಚ್ಚಿಕೊಂಡೆ. ಅವಳಿಗೆ ಇಡೀ ಊರಿನಲ್ಲಿ ಇದ್ದದ್ದು ಒಬ್ಬಳೇ ಗೆಳತಿ.

ಕಳೆದ ಭಾನುವಾರ ಅಕ್ಕ ಲೇಕಿಗೆ ಹೋಗಲಿಲ್ಲ. ಕೋಡುಬಳೆ ಡಬ್ಬಿ ತುಂಬಿಸಿ, ಸೀದಾ ಮಿನುವಿನ ಮನೆಗೆ. ಹಿಂದೆ ವನ್ಯಾ, ಅವಳ ಹಿಂದೆ ಕೂಲಿ.

ಬಾಗಿಲು ತೆರೆದದ್ದು ಮಿನುವಿನ ಅತ್ತೆ. ಬುಬಾಯ್‌ನ ಠಾಕುಮಾ, ಅಂದರೆ ಅಜ್ಜಿ. ಬಿಳಿ ಸೀರೆ, ದಪ್ಪ ಕನ್ನಡಕ, ನನ್ನ ಮಾರ್ಕ್ಸ್ ಕಾರ್ಡನ್ನು ಈಗಷ್ಟೇ ನೋಡಿ ಬಂದಂಥ ಮುಖ. 'ಮಿನು ಬಾಡಿ ನೇಯ್' ಅಂದರು. ಮಿನು ಮನೆಯಲ್ಲಿಲ್ಲ. ಒಳಗಿನಿಂದ ಮಿನು ಕುಕ್ಕರ್ ವಿಷಯಕ್ಕೆ ಯಾರಿಗೋ ಕೂಗುತ್ತಿದ್ದಳು. ಎಲ್ಲರಿಗೂ ಕೇಳಿಸಿತು. ಅಕ್ಕನ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಅಜ್ಜಿಯ ಸೀರೆಯ ಸಂದಿಯಿಂದ ಬುಬಾಯ್ ನುಸುಳಿ ಬಂದ. ಮೆಟ್ಟಿಲ ಮೇಲೊಂದು ಬೆಕ್ಕು. ಎಷ್ಟೋ ದಿನದ ಮೇಲೆ ಟೀಚರನ್ನು ಕಂಡ ಖುಷಿಯಲ್ಲಿ ಅವನು ಬೆರಳು ನೀಡಿ ಪಾಠ ಒಪ್ಪಿಸಿದ: 'ಬೆಕ್ಕು. ಬಾಲ. ಬಾಲ.'

'ಶುನ್ಲೇನ್?' ಅಂದರು ಅಜ್ಜಿ, ಎರಡೂ ಕಿವಿ ಮುಚ್ಚಿಕೊಂಡು. ಕೇಳಿದಿರಾ?

ಆಗ ನನಗೆ ಹೊಳೆಯಿತು.

ನೋಡಿ, ಆ ಪದ ಬಂಗಾಳಿಯಲ್ಲಿ ಒಂದು ಬೈಗುಳ. ಅರ್ಥ ಬರೆದರೆ ಸಂಪಾದಕರು ಅಂಕಣದ ಜೊತೆ ನನ್ನನ್ನೂ ಕತ್ತರಿಸುತ್ತಾರೆ. ನಮ್ಮ ಆಫೀಸಿನಲ್ಲಿ ಅದು ಪೂರ್ಣವಿರಾಮದ ಹಾಗೆ ಬೀಳುತ್ತಿರುತ್ತದೆ. ಸರ್ವರ್ ನಿಂತರೆ ಅದು, ಲಿಫ್ಟ್ ನಿಂತರೆ ಅದು. ದಿನಾ ಕೇಳುತ್ತೇನೆ. ಅಕ್ಕನ ಬಾಲವನ್ನೂ ಭಾನುವಾರ ಭಾನುವಾರ ಕೇಳುತ್ತೇನೆ. ಆದರೆ ಒಂದು ಕನ್ನಡದ ಪದ, ಇನ್ನೊಂದು ಆಫೀಸಿನ ಪದ. ಎರಡೂ ನನ್ನ ತಲೆಯಲ್ಲಿ ಬೇರೆ ಬೇರೆ ಮಹಡಿಯಲ್ಲಿ ಸಂಸಾರ ಮಾಡಿಕೊಂಡಿದ್ದವು. ಒಂದು ದಿನವೂ ಮೆಟ್ಟಿಲಲ್ಲಿ ಎದುರಾಗಿರಲಿಲ್ಲ.

'ಅಕ್ಕ, ಅವನು ಹೇಳಿದ ಪದ ಇವರ ಭಾಷೇಲಿ ಕೆಟ್ಟದು' ಅಂತ ಪಿಸುಗುಟ್ಟಿದೆ.

'ಯಾವ್ದು, ಬೆಕ್ಕಾ?'

'ಅಲ್ಲ. ಇನ್ನೊಂದು.'

'ಬಾಲಾನಾ?'

ಅಜ್ಜಿ ಕಣ್ಣೂ ಮುಚ್ಚಿಕೊಂಡರು.

'ಮೆತ್ತಗೆ ಅಕ್ಕ.'

'ಬಾಲದಲ್ಲಿ ಕೆಟ್ಟದ್ದೇನೋ ಇದೆ? ದೇವರು ಕೊಟ್ಟ ಬಾಲ. ಹಸುಗಿಲ್ವಾ ಬಾಲ? ಹನುಮಂತನಿಗಿಲ್ವಾ ಬಾಲ?'

ಮೇಲಿನ ಮನೆಯ ಕಿಟಕಿ ತೆರೆದುಕೊಂಡಿತು.

ನಾನು ಅಜ್ಜಿಯ ಕಡೆ ತಿರುಗಿದೆ. ನನ್ನ ಬಂಗಾಳಿಯಲ್ಲಿರುವುದು ಎರಡೇ ವಿಭಾಗ: ಊಟ, ಬೈಗುಳ. ಬಾಲಕ್ಕೆ ಪದವಿಲ್ಲ. ಹಾಗಾಗಿ ಇಂಗ್ಲಿಷಿಗೆ ಜಿಗಿದೆ. 'ಮಾಸಿಮಾ, ನಮ್ಮ ಭಾಷೆಯಲ್ಲಿ ಬಾಲ ಮೀನ್ಸ್ ಟೇಲ್.'

'ತೇಲ್?' ಅಂದರು ಅಜ್ಜಿ, ಕಣ್ಣು ತೆರೆದು.

ಬಂಗಾಳಿಯಲ್ಲಿ ತೇಲ್ ಅಂದರೆ ಎಣ್ಣೆ. ಹಿಂದಿಯಲ್ಲಿ ಬಾಲ್ ಅಂದರೆ ಕೂದಲು. ಬೆಳ್ಳಂಬೆಳಿಗ್ಗೆ ಮನೆ ಬಾಗಿಲಿಗೆ ಬಂದು ತಲೆಗೆಣ್ಣೆ ಮಾರುವ ಮದರಾಸಿಗಳು ಅಂತ ಅವರಿಗೆ ಖಾತ್ರಿಯಾಯಿತು. 'ಬೇಡ, ಮನೆಯಲ್ಲಿದೆ' ಅಂತ ಬಾಗಿಲು ಹಾಕಲು ಹೊರಟರು.

ಅಕ್ಕನ ಮುಖ ನೋಡಿದೆ. ಈ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಅಂತ ಅವಳಿಗೂ ಗೊತ್ತಾಗಿತ್ತು, ನನಗೂ. ಮಾತಿನಿಂದ ಕೆಟ್ಟದ್ದನ್ನು ಮಾತಿನಿಂದ ಸರಿಮಾಡುವುದು ಸಾಧ್ಯವಿರಲಿಲ್ಲ. ಒಳಗೆ ನುಗ್ಗಿದೆ. ಟೀಪಾಯಿ ಮೇಲಿದ್ದ ಪೇಪರ್ ಸುತ್ತಿ ಹಿಂದೆ ಹಿಡಿದೆ. ನೆಲಕ್ಕೆ ಬಿದ್ದೆ. ಮಿಯಾಂವ್ ಅಂದೆ, ಪೇಪರ್ ತೋರಿಸಿ 'ಬಾಲ' ಅಂದೆ. ಬೌ ಅಂದೆ, 'ಬಾಲ' ಅಂದೆ. ಕೋತಿಯ ಹಾಗೆ ಕೆರೆದುಕೊಂಡು 'ಬಾಲ' ಅಂದೆ. ಬುಬಾಯ್ ಕೇಕೆ ಹಾಕುತ್ತ ಬೆನ್ನು ಹತ್ತಿದ. ವನ್ಯಾ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಅಚ್ಚಗನ್ನಡದಲ್ಲಿ ಕೂಗಿದಳು: 'ಮಾಮನ ಬಾಲ ಉದ್ದ ಇದೆ.' (ಕೂಗಿದ ಜಾಗ ನೋಡಿ.) ಕುಕ್ಕರ್ ಬಿಟ್ಟು ಓಡಿಬಂದ ಮಿನು ಬಾಗಿಲಲ್ಲೇ ಕಲ್ಲಾದಳು.

ಅಜ್ಜಿ ಪೇಪರನ್ನೇ ನೋಡುತ್ತಿದ್ದರು. ನಿಧಾನವಾಗಿ ಬೆರಳು ಚಾಚಿದರು. 'ಲ್ಯಾಜ್?'

'ಲ್ಯಾಜ್ ಲ್ಯಾಜ್ ಲ್ಯಾಜ್' ಅಂದಳು ಮಿನು, ಒಂದೇ ಉಸಿರಿನಲ್ಲಿ. 'ಮಾ, ಲ್ಯಾಜ್.'

ಅಜ್ಜಿ ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದರು. ಅಳುತ್ತಿದ್ದಾರೆ ಅಂದುಕೊಂಡೆ. ಭುಜ ಕುಣಿಯುವುದು ನೋಡಿದರೆ ನಗು.

ಚಹಾ ಬಂತು. ಕತೆ ಆಮೇಲೆ ಹೊರಬಿತ್ತು. ಹೊಸವರ್ಷದ ಊಟಕ್ಕೆ ಅಜ್ಜಿಯ ಅಣ್ಣ ಬಂದಿದ್ದರಂತೆ. ರಿಟೈರ್ಡ್ ಜಡ್ಜ್. ಅವರ ತಟ್ಟೆಗೆ ಮೀನಿನ ಬಾಲದ ತುಂಡು ಬಿದ್ದಿದೆ. ಎದುರು ಕೂತ ಬುಬಾಯ್ ಜಡ್ಜ್ ಸಾಹೇಬರ ಕಡೆ ಬೆರಳು ಮಾಡಿ ತನ್ನ ಕನ್ನಡ ಜ್ಞಾನವನ್ನು ಪ್ರಕಟಿಸಿದ್ದಾನೆ. ಎಲ್ಲಿ ಕಲಿತೆ ಅಂದರೆ 'ಶುಮಾ ಆಂಟಿ' ಅಂದಿದ್ದಾನೆ. ತೀರ್ಪು ಅಲ್ಲೇ ಆಯಿತು: ಲೇಕ್ ಬಂದ್.

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ಕೇಳಿದಳು, 'ಮಿನು, ನಾನು ಇದನ್ನ ಅವತ್ತಿಂದ ಹೇಳ್ತಾನೇ ಇದೀನಲ್ಲ. ನಿಂಗೆ ಕೇಳಿಸ್ತಿರಲಿಲ್ವಾ?' (ಹಿಂದಿಯಲ್ಲಿ ಕೇಳಿದ್ದು. ನಿಮ್ಮ ಮೇಲಿನ ಕರುಣೆಯಿಂದ ಕನ್ನಡದಲ್ಲಿ ಕೊಟ್ಟಿದ್ದೇನೆ.)

ಕೇಳಿಸದೆ ಏನು? ಇಡೀ ಲೇಕಿಗೆ ಕೇಳಿಸುತ್ತಿತ್ತು. ಮೊದಮೊದಲು ಮಿನು ಸಮಾಧಾನ ಮಾಡಿಕೊಂಡಳಂತೆ: ದಿದಿ ಬಂಗಾಳಿ ಕಲಿಯುತ್ತಿದ್ದಾಳೆ, 'ಭಾಲೋ' ಅನ್ನಲು ಹೋಗಿ ನಾಲಿಗೆ ಜಾರುತ್ತಿದೆ. ಭಾಲೋ ಅಂದರೆ ಒಳ್ಳೆಯದು. ಅಳಿಲು ಒಳ್ಳೆಯದು, ಸರಿ. ನಾಯಿ ಒಳ್ಳೆಯದು, ಸರಿ. 'ಆಮೇಲೆ ಗೋಡೆ ಮೇಲಿನ ಹಲ್ಲಿಗೂ ಅದನ್ನೇ ಅಂದೆ ದಿದಿ. ಹಲ್ಲಿ ಒಳ್ಳೇದು ಅಂತ ಯಾರಾದ್ರೂ ಅಂತಾರಾ?'

ಆಗಿನಿಂದ ಅವಳು ಗಮನಿಸತೊಡಗಿದಳು. ಯಾಕೆ ಬರುತ್ತದೆ ಅಂತ ತಿಳಿಯಲಿಲ್ಲ, ಯಾವಾಗ ಬರುವುದಿಲ್ಲ ಅಂತ ತಿಳಿಯಿತು. ಕಪ್ಪೆ ಕಂಡಾಗ ದಿದಿಯ ಬಾಯಿಂದ ಆ ಪದ ಬರುವುದಿಲ್ಲ. ಜೇಡ ಕಂಡಾಗ ಬರುವುದಿಲ್ಲ. ಬಸವನಹುಳು ಪೂರ್ತಿ ಸುರಕ್ಷಿತ. ಇಡೀ ಚಳಿಗಾಲ ಆ ಹೆಣ್ಣುಮಗಳು, ಗೆಳತಿಯ ಮರ್ಯಾದೆ ಕಾಪಾಡಲು, ಪೊದೆ ಪೊದೆ ಬಗ್ಗಿ ಬಾಲವಿಲ್ಲದ ಪ್ರಾಣಿಗಳನ್ನು ಹುಡುಕಿದ್ದಾಳೆ.

ಅವಳಿಗೆ ಕಪ್ಪೆ ಕಂಡರೆ ಅಸಹ್ಯವಂತೆ.

'ಒಂದು ಮಾತು ಹೇಳಬಾರದಿತ್ತಾ?' ಅಂದಳು ಅಕ್ಕ.

'ಹಮ್ ಕೈಸೇ ಬೋಲೇಗಾ ದಿದಿ? ಕೌನ್ ಸಾ ಮೂಹ್ ಸೇ ಬೋಲೇಗಾ? ತುಮ್ ಇತನಾ ಖುಶ್ ಥಾ.' ಹೇಗೆ ಹೇಳಲಿ, ನೀನು ಅಷ್ಟು ಖುಷಿಯಾಗಿದ್ದೆ.

ನಾನು ಜೋಕು ಹುಡುಕಿದೆ. ಸಿಗಲಿಲ್ಲ. ಕೋಡುಬಳೆ ತಿಂದೆ.

ನಮ್ಮ ಆಫೀಸಿನಲ್ಲಿ ಪ್ರತಿ ಶುಕ್ರವಾರ 'ಓಪನ್ ಫೀಡ್‌ಬ್ಯಾಕ್' ಅಂತ ನಡೆಯುತ್ತದೆ. ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳಬಾರದು, ಮುಖದ ಮೇಲೆ ಹೇಳಬೇಕು, ಅದೇ ಒಳ್ಳೆಯ ಟೀಮಿನ ಲಕ್ಷಣವಂತೆ. ನಾವೆಲ್ಲ ಎಷ್ಟು ಒಳ್ಳೆಯ ಟೀಮು ಅಂದರೆ, ಶುಕ್ರವಾರ ಸಂಜೆ ಒಬ್ಬರೂ ಒಬ್ಬರ ಜೊತೆ ಲಿಫ್ಟಿನಲ್ಲಿ ಇಳಿಯುವುದಿಲ್ಲ. ಮಿನು ನಮ್ಮ ಕಂಪನಿಗೆ ಇಂಟರ್‌ವ್ಯೂಗೆ ಬಂದರೆ ಎಚ್.ಆರ್.ನವರು ಖಂಡಿತ ಫೇಲ್ ಮಾಡುತ್ತಾರೆ. ಕಮ್ಯುನಿಕೇಶನ್ ಸ್ಕಿಲ್ಸ್ ಇಲ್ಲ.

ಮುಂದಿನ ಭಾನುವಾರದಿಂದ ಲೇಕ್ ಮತ್ತೆ ಶುರು. ಅಜ್ಜಿಯ ಷರತ್ತು ಒಂದೇ: ಸಾರ್ವಜನಿಕವಾಗಿ ಎಲ್ಲ ಪ್ರಾಣಿಗಳಿಗೂ ಲ್ಯಾಜ್. ಬೇರೇನು ಬೇಕಾದರೂ ಕನ್ನಡದಲ್ಲಿರಲಿ.

ವಾಪಸ್ ಬರುವಾಗ ಅಕ್ಕ ಸದರ್ನ್ ಅವೆನ್ಯೂ ತುಂಬ ಒಬ್ಬಳೇ ನಗುತ್ತ ನಡೆದಳು. ಬೂರುಗದ ಮರಗಳಿಂದ ಹತ್ತಿ ಹಾರಿ ಫುಟ್‌ಪಾತ್ ಮೇಲೆ ಬಿದ್ದಿತ್ತು. ವನ್ಯಾ ಅದನ್ನು ಆರಿಸಿ ಜೇಬಿಗೆ ತುಂಬುತ್ತಿದ್ದಳು.

'ಅಲ್ಲಾ ಅಕ್ಕ, ಅವಳ ಬಾಯಿಂದ ನಿಂಗೆ ಯಾವತ್ತೂ ಹಂಗೆ ಒಂದು ಪದ ಕೇಳಿಸಿಲ್ವಾ?' ಅಂತ ಸುಮ್ಮನೆ ಕೆಣಕಿದೆ.

ಅಕ್ಕ ನಗು ನಿಲ್ಲಿಸಿದಳು. ಆ ಕಡೆ ಈ ಕಡೆ ನೋಡಿದಳು. 'ಹತ್ತೀಗೆ ಬಂಗಾಳೀಲಿ ಏನಂತಾರೆ ಗೊತ್ತೇನೋ?'

ಗೊತ್ತಿತ್ತು. ಮನಸ್ಸಿನಲ್ಲೇ ಅದನ್ನು ಕನ್ನಡದ ಕಿವಿಯಿಂದ ಕೇಳಿಕೊಂಡು ಫುಟ್‌ಪಾತ್ ಮೇಲೆ ನಿಂತುಬಿಟ್ಟೆ. (ಇದನ್ನಂತೂ ಬರೆಯುವುದೇ ಇಲ್ಲ. ಬೈಗುಳದಲ್ಲಿ ನಾವೇನು ಬಂಗಾಳಿಗಳಿಗೆ ಕಡಿಮೆಯಿಲ್ಲ.)

'ಇವ್ರ ಹೊಸವರ್ಷಕ್ಕೆ ಮುಂಚೆ ಪ್ರತಿ ಭಾನುವಾರ ಮಕ್ಕಳಿಗೆ ಅದನ್ನೇ ಆರಿಸಿ ಕೊಡ್ತಿದ್ಲು, ಹಾಡು ಹೇಳ್ಕೊಂಡು' ಅಂದಳು ಅಕ್ಕ. 'ನಾನು ಪುಟ್ಟಿಗೆ ಬಿಸ್ಕತ್ತು ಕೊಡೋ ನೆಪದಲ್ಲಿ ಈ ಕಡೆ ಕರ್ಕೊಂಡು ಬರ್ತಿದ್ದೆ.'

'ಈಗಲಾದ್ರೂ ಹೇಳಬಹುದಿತ್ತಲ್ಲ? ಸರಿ ಹೋಗ್ತಿತ್ತು.'

'ಸುಮ್ನಿರೋ' ಅಂದಳು ಅಕ್ಕ. 'ಅವಳಿಗೆ ಹತ್ತಿ ಅಂದ್ರೆ ಪ್ರಾಣ.'

ನೀವು ಪ್ರತಿದಿನ ಸಂತೋಷವಾಗಿ ಆಡುವ ಯಾವ ಮಾತಿಗೆ ನಿಮ್ಮ ಗೆಳತಿ ತನ್ನ ಮಗುವಿಗೆ ಬಿಸ್ಕತ್ತು ಕೊಡುತ್ತಿದ್ದಾಳೆ, ಗೊತ್ತೇ?